ಎರಡು ಊರಿನ ನಡುವೆ ಏನಿದೆ: ಸೈಕಲ್ ವೇಗದಲ್ಲಿ ನೆಲ ನೋಡೋದರ ಬಗ್ಗೆ

ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳ್ತೀನಿ. ನೀವು ಪದೇ ಪದೇ ಓಡಾಡೋ ಒಂದು ದಾರಿ ನೆನಪು ಮಾಡ್ಕೊಳ್ಳಿ, ಬಸ್ಸಲ್ಲೋ ಕಾರಲ್ಲೋ ರೈಲಲ್ಲೋ, ಒಂದು ಐವತ್ತು ಅರವತ್ತು ಕಿಲೋಮೀಟರಿಂದು. ಆ ದಾರಿಗೆ ಎಷ್ಟು ಹಳ್ಳ ತೊರೆ ಅಡ್ಡ ಬರತ್ತೆ? ಆ ನೀರು ನಿಮ್ಮ ಎಡಗಡೆಯಿಂದ ಬಲಕ್ಕೆ ಹರಿಯತ್ತೋ, ಬಲದಿಂದ ಎಡಕ್ಕೋ? ಇಡೀ ದಾರೀಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು? ಮಣ್ಣಿನ ಬಣ್ಣ ಎಲ್ಲಿ ಬದಲಾಗತ್ತೆ? ನಾನು ಇದನ್ನ ತುಂಬಾ ಜನಕ್ಕೆ ಕೇಳಿದೀನಿ, ವರ್ಷಗಟ್ಟಲೆ ಅದೇ ದಾರೀಲಿ ಓಡಾಡಿದವರಿಗೂ ಕೇಳಿದೀನಿ. ಹೊರಟ ಜಾಗ ಗೊತ್ತಿರತ್ತೆ, ತಲುಪೋ ಜಾಗ ಗೊತ್ತಿರತ್ತೆ, ನಡುವೆ ಗಾಡಿ ನಿಲ್ಲೋ ಒಂದೆರಡು ಜಾಗ ಗೊತ್ತಿರತ್ತೆ, ಮಿಕ್ಕಿದ್ದು ಪೂರ್ತಿ ಖಾಲಿ. ಅದೇ ದಾರೀಲಿ ಒಂದೇ ಒಂದು ಸಲ ಸೈಕಲ್ ತುಳಿದವರನ್ನ ಕೇಳಿ ನೋಡಿ, ಎಲ್ಲಿ ಏರು, ಎಲ್ಲಿ ಇಳುಕಲು, ಯಾವ ಸೇತುವೆ ಹತ್ರ ತಣ್ಣಗಿತ್ತು, ಎಲ್ಲಿ ಗಾಳಿ ಎದುರು ಹೊಡೀತು, ಎಲ್ಲಾ ಹೇಳ್ತಾರೆ, ಎಷ್ಟೋ ವರ್ಷ ಆದಮೇಲೂ ಹೇಳ್ತಾರೆ.

ನಾನು ಇವತ್ತು ಹೇಳಬೇಕು ಅಂತಿರೋದು ಇದೊಂದೇ. ನೆಲ ಅನ್ನೋದು ಊರುಗಳ ನಡುವೆ ಹರಡಿಕೊಂಡಿದೆ, ಮತ್ತೆ ಆ ನಡುವಿನದ್ದು ಕೈಗೆ ಸಿಗೋಕೆ ಒಂದು ವೇಗ ಬೇಕು. ಸೈಕಲ್ಲಿನ ವೇಗ ಅದಕ್ಕೆ ಎಷ್ಟು ಚೆನ್ನಾಗಿ ಹೊಂದತ್ತೆ ಅನ್ನೋದನ್ನ ನಾವು ಇನ್ನೂ ಸರಿಯಾಗಿ ಯೋಚನೆ ಮಾಡಿಲ್ಲ ಅಂತ ನನಗೆ ಅನ್ಸತ್ತೆ.

ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟತ್ತೆ. ರಸ್ತೆ ಪಕ್ಕ ಒಂದು ಮನೆ, ಮನೆ ಮುಂದೆ ಮರ, ಮರದ ಕೆಳಗೆ ಕೂತಿರೋ ಒಬ್ಬರು, ಇಷ್ಟೂ ಸೇರಿ ಒಂದು 20 ಮೀಟರ್ ಜಾಗ ಅಂತ ಇಟ್ಕೊಳ್ಳಿ, ಒಂದು ಸೆಕೆಂಡ್ ತುಂಬೋದ್ರೊಳಗೆ ಮುಗೀತು. ನಡ್ಕೊಂಡು ಹೋಗೋರಿಗೆ ಅದೇ ಜಾಗ ದಾಟೋಕೆ ಹದಿನಾಲ್ಕು ಹದಿನೈದು ಸೆಕೆಂಡ್ ಬೇಕು. ಸೈಕಲ್ಲಲ್ಲಿ ಗಂಟೆಗೆ 18 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 5 ಮೀಟರ್, ಹಾಗಾಗಿ ನಾಲ್ಕು ಸೆಕೆಂಡ್. ನಾಲ್ಕು ಸೆಕೆಂಡ್ ಕಮ್ಮಿ ಏನಲ್ಲ ನೋಡಿ. ಮರದ ಕೆಳಗಿನವರ ಮುಖ ನೀವು ನೋಡ್ತೀರಿ, ಅವರು ನಿಮ್ಮ ಮುಖ ನೋಡ್ತಾರೆ, ತಲೆ ಆಡಿಸಬಹುದು, ಒಂದು ಮಾತು ಆಡಬಹುದು, ಮನಸ್ಸಾದ್ರೆ ಬ್ರೇಕ್ ಹಿಡಿದು ಕಾಲು ನೆಲಕ್ಕೆ ಊರಬಹುದು. ಕಾರಲ್ಲಿ ನಿಲ್ಲಬೇಕು ಅಂತ ಅನಿಸಿದ್ರೂ ಕನ್ನಡಿ ನೋಡಬೇಕು, ಹಿಂದೆ ಬರೋ ಗಾಡಿ ನೋಡಬೇಕು, ನಿಲ್ಲಿಸೋ ಜಾಗ ಹುಡುಕಬೇಕು, ಅಷ್ಟೊತ್ತಿಗೆ ಇನ್ನೂರು ಮುನ್ನೂರು ಮೀಟರ್ ಮುಂದೆ ಬಂದಾಗಿರತ್ತೆ, ಹಾಗಾಗಿ ಯಾರೂ ನಿಲ್ಲಲ್ಲ, ಇನ್ನೊಂದು ಸಲ ನೋಡೋಣ ಅಂತ ಹೋಗಿಬಿಡ್ತೀವಿ. ಮತ್ತೆ ಗಾಡಿ ಓಡಿಸೋರ ಕಣ್ಣು ರಸ್ತೆ ಮೇಲೇ ಇರಬೇಕು, ವೇಗ ಜಾಸ್ತಿ ಆದಷ್ಟೂ ದೃಷ್ಟಿ ದೂರಕ್ಕೆ ನೆಟ್ಟು ಅಕ್ಕಪಕ್ಕದ್ದು ಕಳಚಿಕೊಳ್ಳತ್ತೆ, ಅದು ಹಾಗೇ ಆಗಬೇಕು, ಆಗದಿದ್ರೆ ಅಪಾಯ.

ಹಾಗಾದ್ರೆ ನಡ್ಕೊಂಡೇ ಹೋಗಬಹುದಲ್ಲ, ಅದು ಇನ್ನೂ ನಿಧಾನ, ಇನ್ನೂ ಜಾಸ್ತಿ ಕಾಣತ್ತೆ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ, ನಡೆಯೋದರ ಮೇಲೆ ನನಗೆ ತುಂಬಾ ಗೌರವ ಇದೆ. ಆದ್ರೆ ನಡಿಗೆಯಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಎಷ್ಟೋ ಕಡೆ ಅಷ್ಟರಲ್ಲಿ ಒಂದು ಕಣಿವೆಯೇ ಮುಗಿಯಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಥರದ ಮಣ್ಣು, ಒಂದೇ ಥರದ ಗಿಡ, ಅದರ ಒಳಗಿನ ಸಣ್ಣ ಸಣ್ಣ ವಿವರ ಎಲ್ಲಾ ಸಿಗತ್ತೆ, ಆದ್ರೆ ಒಂದು ನೆಲ ಇನ್ನೊಂದು ನೆಲ ಆಗಿ ಹೇಗೆ ಬದಲಾಗತ್ತೆ ಅನ್ನೋದು ಅಷ್ಟು ಸುಲಭಕ್ಕೆ ಸಿಗಲ್ಲ, ಯಾಕಂದ್ರೆ ಆ ಬದಲಾವಣೆ ಮೂರು ನಾಲ್ಕು ದಿನಕ್ಕೆ ಹಂಚಿಹೋಗಿರತ್ತೆ. ಸೈಕಲ್ಲಲ್ಲಿ ಅವಸರ ಮಾಡದೇ ಹೋದ್ರೂ ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಆಗತ್ತೆ. ಅಷ್ಟು ದೂರದಲ್ಲಿ ಒಂದು ಹೊಳೆ ಬಯಲು ಬಿಟ್ಟು, ದಿಣ್ಣೆ ಹತ್ತಿ, ಆಚೆ ಇಳಿದು, ಇನ್ನೊಂದು ಹೊಳೆ ಸೇರಿಬಿಡಬಹುದು. ಬೆಳಿಗ್ಗೆ ಟೈರಿಗೆ ಮೆತ್ತಿಕೊಂಡ ಮಣ್ಣು ಇನ್ನೂ ಒಣಗಿ ಉದುರಿರಲ್ಲ, ಸಂಜೆ ಬೇರೆ ಬಣ್ಣದ ಮಣ್ಣು ಮೆತ್ತಿಕೊಳ್ಳತ್ತೆ. ಎರಡೂ ಒಂದೇ ದಿನದ ನೆನಪಲ್ಲಿ ಅಕ್ಕಪಕ್ಕ ಕೂರತ್ತೆ, ಆಗ ಹೋಲಿಸೋಕೆ ಆಗತ್ತೆ. ವಿವರ ಕಾಣೋವಷ್ಟು ನಿಧಾನ, ಬದಲಾವಣೆ ಒಂದು ದಿನದೊಳಗೆ ಹಿಡಿಸೋವಷ್ಟು ವೇಗ. ನನಗೆ ಗೊತ್ತಿರೋ ಹಾಗೆ ಈ ಎರಡೂ ಒಟ್ಟಿಗೆ ಸಿಗೋದು ಇಲ್ಲಿ ಮಾತ್ರ (ಕುದುರೆ ಮೇಲೆ ದೂರ ಹೋದವರು ಇದಕ್ಕೆ ಹತ್ರ ಬರಬಹುದು, ಆ ಅನುಭವ ನನಗಿಲ್ಲ).

ಈ ವೇಗ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಅದನ್ನ ಯಾರೋ ಕೂತು ನಿಗದಿ ಮಾಡಿದ್ದಲ್ಲ. ಸೈಕಲ್ ಎರಡು ಕೆಲಸ ಒಟ್ಟಿಗೆ ಮಾಡತ್ತೆ. ಮೈಭಾರವನ್ನ ಚಕ್ರದ ಮೇಲೆ ಹೊರಿಸಿ ನಡೆಯೋದರಲ್ಲಿ ವ್ಯರ್ಥ ಆಗೋ ಶ್ರಮ ಉಳಿಸತ್ತೆ, ಆಕ್ಸ್‌ಫರ್ಡ್‌ನ ಇಂಜಿನಿಯರ್ ಎಸ್. ಎಸ್. ವಿಲ್ಸನ್ 1973ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದ ಲೆಕ್ಕದ ಪ್ರಕಾರ ಅದೇ ದೂರಕ್ಕೆ ನಡಿಗೆಯ ಐದನೇ ಒಂದು ಭಾಗ ಶಕ್ತಿ ಸಾಕು. ಅದೇ ಹೊತ್ತಿಗೆ ಗಾಳಿ ನಿಮ್ಮನ್ನ ತಡೆಯತ್ತೆ. ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನ ಮೀರೋಕೆ ಬೇಕಾದ ಶಕ್ತಿ ಎಂಟು ಪಟ್ಟು. ನೆಟ್ಟಗೆ ಕೂತು ಗಂಟೆಗೆ 18 ಕಿಲೋಮೀಟರಲ್ಲಿ ಹೋಗೋರಿಗೆ ಗಾಳಿ ಸೀಳೋದಕ್ಕೆ ಸುಮಾರು 40 ವ್ಯಾಟ್ ಸಾಕು, ಅದನ್ನ 36 ಮಾಡ್ತೀನಿ ಅಂದ್ರೆ 300 ವ್ಯಾಟ್ ದಾಟತ್ತೆ, ಅದು ಪಳಗಿದ ಕ್ರೀಡಾಪಟುಗಳು ಗಂಟೆಗಟ್ಟಲೆ ಕೊಡೋ ಶಕ್ತಿ. ಹಾಗಾಗಿ ಸಾಮಾನು ಕಟ್ಟಿಕೊಂಡು ದಿನವಿಡೀ ತುಳಿಯೋರ ಸೈಕಲ್ಲು ತಾನಾಗೇ ಹದಿನೈದು ಇಪ್ಪತ್ತರ ಆಸುಪಾಸಿಗೆ ಬಂದು ನಿಲ್ಲತ್ತೆ. ನಿಮ್ಮ ಕಾಲು ಒಂದು ಕಡೆ, ಗಾಳಿ ಒಂದು ಕಡೆ, ಇಬ್ಬರೂ ಮಾತಾಡಿಕೊಂಡು ಮಾಡಿಕೊಂಡ ಒಪ್ಪಂದ ಅದು. ನನಗೆ ಇದು ಬಹಳ ಚೆಂದ ಅನ್ಸತ್ತೆ.

ಈಗ ಏರಿಗೆ ಬರ್ತೀನಿ. ನೆಲದ ಬಗ್ಗೆ ಸೈಕಲ್ ಕಲಿಸೋದರಲ್ಲಿ ಮುಕ್ಕಾಲು ಪಾಲು ಏರಿನಲ್ಲೇ ಇದೆ.

ನೀವು, ಸೈಕಲ್ಲು, ಸಾಮಾನು ಎಲ್ಲಾ ಸೇರಿ 90 ಕಿಲೋ ಅಂತ ಇಟ್ಕೊಳ್ಳಿ. ಅದನ್ನ ಒಂದು ಸಾವಿರ ಮೀಟರ್ ಎತ್ತರಕ್ಕೆ ಒಯ್ಯಬೇಕು. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಹೆಚ್ಚುಕಮ್ಮಿ 880 ಕಿಲೋಜೂಲ್. ಒಬ್ಬ ಸಾಧಾರಣ ಆರೋಗ್ಯವಂತರು ನಿಧಾನಕ್ಕೆ 100 ವ್ಯಾಟ್‌ನಲ್ಲಿ ತುಳಿದ್ರೆ ಅದಕ್ಕೆ ಎರಡೂವರೆ ಗಂಟೆ. ಏರು ಶೇಕಡಾ 5 ಇದ್ರೆ, ಅಂದ್ರೆ ನೂರು ಮೀಟರ್ ಹೋದ್ರೆ ಐದು ಮೀಟರ್ ಮೇಲೇರೋ ಹಾಗಿದ್ರೆ, ದಾರಿ 20 ಕಿಲೋಮೀಟರ್, ವೇಗ ಗಂಟೆಗೆ ಎಂಟು. ಎರಡೂವರೆ ಗಂಟೆ ನಿಮ್ಮ ಉಸಿರು, ತೊಡೆ, ಬೆವರು ಎಲ್ಲಾ ಆ ಗುಡ್ಡದ ಆಕಾರವನ್ನ ಓದ್ತಾ ಇರತ್ತೆ. ಕಾರಲ್ಲಿ ಅದೇ ಗುಡ್ಡ ಇಂಜಿನ್ನಿನ ಸದ್ದು ಸ್ವಲ್ಪ ಬದಲಾಗೋದರಲ್ಲಿ ಮುಗಿದುಹೋಗತ್ತೆ, ಶೇಕಡಾ ಎರಡರ ಏರು ಅಂತೂ ಕಾರಲ್ಲಿ ಇರೋರಿಗೆ ಸಮತಟ್ಟು, ಸೈಕಲ್ಲಲ್ಲಿ ಶೇಕಡಾ ಒಂದು ಕೂಡ ಗೊತ್ತಾಗತ್ತೆ. ಕಣ್ಣು ಮೋಸ ಹೋಗೋ ಜಾಗಗಳಿವೆ, ಸುತ್ತಲಿನ ಗುಡ್ಡದ ಓರೆ ನೋಡಿ ರಸ್ತೆ ಇಳೀತಾ ಇದೆ ಅನ್ಸತ್ತೆ, ಕಾಲು ಹೇಳತ್ತೆ ಇಲ್ಲ, ಏರ್ತಾ ಇದೆ ಅಂತ. ಕಾಲು ಹೇಳಿದ್ದೇ ಸರಿ ಇರತ್ತೆ.

ಹೀಗೆ ನಾಲ್ಕಾರು ಏರು ಹತ್ತಿ ಇಳಿದ ಮೇಲೆ ಒಂದು ವಿಷಯ ತಲೇಲಿ ಕೂರತ್ತೆ: ನೆಲದ ನಿಜವಾದ ಭೂಪಟ ನೀರಿಂದು. ಪ್ರತೀ ಏರು ಅಂದ್ರೆ ನೀವು ಒಂದು ಹೊಳೆಯ ಹರವಿನಿಂದ ಹೊರಗೆ ಹೋಗ್ತಾ ಇದೀರಿ, ನೆತ್ತಿ ದಾಟಿದ ಕೂಡಲೇ ಇನ್ನೊಂದು ಹೊಳೆಯ ಮನೆಗೆ ಕಾಲಿಟ್ಟಿರಿ ಅಂತ. ನದಿ ಜೊತೆಗೆ ಹೋಗೋ ರಸ್ತೆ ಸುಲಭ, ನದಿಗೆ ಅಡ್ಡ ಹೋಗೋ ರಸ್ತೆ ಇಳಿ, ಸೇತುವೆ, ಹತ್ತು, ಮತ್ತೆ ಇಳಿ. ಹಳೇ ಕಾಲುದಾರಿಗಳು, ಬಂಡಿದಾರಿಗಳು ಯಾಕೆ ಅಷ್ಟು ಸುತ್ತಿಬಳಸಿ ಹೋಗ್ತವೆ ಅಂತ ಭೂಪಟದಲ್ಲಿ ನೋಡಿದ್ರೆ ಅರ್ಥ ಆಗಲ್ಲ, ಸಾಮಾನು ಹೊತ್ತ ಸೈಕಲ್ಲಲ್ಲಿ ಒಂದು ಸಲ ಹೋಗಿ, ಪ್ರತೀ ತಿರುವಿಗೂ ಕಾರಣ ಇದೆ ಅಂತ ಗೊತ್ತಾಗತ್ತೆ, ಎತ್ತು ಕುದುರೆ ಕತ್ತೆ ಮನುಷ್ಯ ಎಲ್ಲರೂ ಇದೇ ಏರಿಗೆ ಇದೇ ಥರ ಉಸಿರು ಕೊಟ್ಟವರು ತಾನೇ.

ನೀರಿನ ಮಾತು ಬಂತಲ್ಲ, ಒಂದು ಉದಾಹರಣೆ ಹೇಳಲೇಬೇಕು. ಯುರೋಪಿನಲ್ಲಿ ಡ್ಯಾನ್ಯೂಬ್ ನದಿ ದಂಡೆ ಹಿಡಿದು ಒಂದು ಪ್ರಸಿದ್ಧ ಸೈಕಲ್ ದಾರಿ ಇದೆ, ಜರ್ಮನಿಯ ಡೊನಾಎಷಿಂಗೆನ್ ಅನ್ನೋ ಊರಲ್ಲಿ ಎರಡು ಸಣ್ಣ ಹೊಳೆ ಸೇರೋ ಕಡೆ ಶುರುವಾಗತ್ತೆ. ಅಲ್ಲಿಂದ ಸ್ವಲ್ಪವೇ ದೂರ, ಇಮ್ಮೆಂಡಿಂಗೆನ್ ಹತ್ರ, ನದಿ ನೆಲದೊಳಗೆ ಇಳಿದುಹೋಗತ್ತೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಸೋರಿ, ವರ್ಷದಲ್ಲಿ ಎಷ್ಟೋ ದಿನ ನದಿಪಾತ್ರ ಪೂರ್ತಿ ಒಣಗಿ ಬರೀ ಕಲ್ಲು ಉಳಿಯತ್ತೆ. ಆ ನೀರು ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ ಆಖ್ ಅನ್ನೋ ಊರಿನ ದೊಡ್ಡ ಬುಗ್ಗೆಯಲ್ಲಿ ಮೇಲೆ ಬರತ್ತೆ, 1877ರಲ್ಲಿ ಬಣ್ಣ ಬೆರೆಸಿ ನೋಡಿ ಇದನ್ನ ಸಾಬೀತು ಮಾಡಿದ್ರು. ಬುಗ್ಗೆಯ ನೀರು ಕಾನ್‌ಸ್ಟನ್ಸ್ ಸರೋವರಕ್ಕೆ ಹೋಗಿ ಅಲ್ಲಿಂದ ರೈನ್ ನದಿ ಸೇರತ್ತೆ. ಅಂದ್ರೆ ಪೂರ್ವಕ್ಕೆ ಹರಿದು ಕಪ್ಪು ಸಮುದ್ರ ಸೇರಬೇಕಾಗಿದ್ದ ನೀರು ಉತ್ತರ ಸಮುದ್ರಕ್ಕೆ ಹೋಗತ್ತೆ! ಹೈವೇನಲ್ಲಿ ಇದೇ ಸೀಮೆ ದಾಟೋರಿಗೆ ಒಂದು ಸೇತುವೆ, ಅದರ ಮೇಲೊಂದು ಬೋರ್ಡು. ದಂಡೆ ಹಿಡಿದು ಪೆಡಲ್ ಮಾಡೋರಿಗೆ ಒಂದು ಗಂಟೆ ಹಿಂದೆ ಪಕ್ಕದಲ್ಲೇ ಸದ್ದು ಮಾಡ್ತಿದ್ದ ನದಿ ಈಗ ಇಲ್ಲ, ಎಲ್ಲಿ ಹೋಯ್ತು ಅಂತ ಇಳಿದು ನೋಡದೇ ಮುಂದೆ ಹೋಗೋಕೆ ಆಗಲ್ಲ.

ಕಾಲಿನ ಮಾತು ಆಯ್ತು, ಚರ್ಮದ ಮಾತು ಇದೆ. ಎತ್ತರ ಹೆಚ್ಚಿದ ಹಾಗೆ ಸರಾಸರಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ತಂಪಾಗತ್ತೆ ಅಂತ ಪಾಠದಲ್ಲಿ ಓದಿರ್ತೀವಿ. ಸಂಜೆ ಹೊತ್ತಲ್ಲಿ ಇದು ಉಲ್ಟಾ ಆಗೋದನ್ನ ಸೈಕಲ್ಲಲ್ಲಿ ಹೋಗೋರು ಮೈಮೇಲೇ ಕಂಡಿರ್ತಾರೆ. ಆಕಾಶ ತಿಳಿಯಾಗಿದ್ದ ಸಂಜೆ ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿ ತಣ್ಣಗೆ ಭಾರ ಆಗಿ ತಗ್ಗಿಗೆ ಜಾರಿ ಶೇಖರ ಆಗತ್ತೆ. ಸಣ್ಣ ತೊರೆಯ ಸೇತುವೆಗೆ ಇಳಿಯೋವಾಗ ಒಂದು ತಣ್ಣನೆ ಪದರ ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಮುಖಕ್ಕೆ ಬರತ್ತೆ, ಆಚೆ ಏರಿದ ಕೂಡಲೇ ಮತ್ತೆ ಬೆಚ್ಚಗೆ. ಬೆಟ್ಟದ ಕಣಿವೆಗಳಲ್ಲಿ ಹಗಲು ಗಾಳಿ ಮೇಲ್ಮುಖ, ರಾತ್ರಿ ಕೆಳಮುಖ, ಇಳಿಜಾರು ಬಿಸಿಲಿಗೆ ಕಾದು ಗಾಳಿ ಮೇಲೇಳತ್ತೆ, ಕತ್ತಲಾದ ಮೇಲೆ ತಣಿದು ಇಳಿಯತ್ತೆ. ಕಡಲ ತೀರದಲ್ಲಿ ಮಧ್ಯಾಹ್ನ ಆಗ್ತಿದ್ದ ಹಾಗೆ ಸಮುದ್ರದಿಂದ ನೆಲದ ಕಡೆ. ಇದನ್ನೆಲ್ಲ ಗಾಡಿಯ ಗಾಜಿನೊಳಗೆ ಕೂತವರು ತಿಳ್ಕೊಳ್ಳೋ ಅಗತ್ಯಾನೇ ಬೀಳಲ್ಲ, ಸೈಕಲ್ ತುಳಿಯೋರು ಮಾತ್ರ ಇದರ ಮೇಲೇ ದಿನದ ಲೆಕ್ಕ ಹಾಕಬೇಕು, ಬೆಳಿಗ್ಗೆ ಬೇಗ ಹೊರಟು ಗಾಳಿ ಏಳೋದರೊಳಗೆ ಇಷ್ಟು ದೂರ ಮುಗಿಸಬೇಕು ಅಂತ. ಎದುರುಗಾಳಿ ಬಗ್ಗೆ ನೀವು ಯಾವ ಸೈಕಲ್ ಪ್ರವಾಸಿಯನ್ನ ಕೇಳಿದ್ರೂ ಬೈತಾರೆ, ಏರಿಗಿಂತ ಕಷ್ಟ ಅದು, ಏರಿಗಾದ್ರೂ ನೆತ್ತಿ ಅಂತ ಒಂದಿದೆ. ಬೈದರೂ ಆ ಗಾಳಿ ಯಾವ ಮೂಲೆಯಿಂದ, ಯಾವ ಹೊತ್ತಿಗೆ ಬಂತು ಅನ್ನೋದನ್ನ ಮರೆಯಲ್ಲ.

ವಾಸನೆ, ಸದ್ದು ಬಗ್ಗೆ ಹೆಚ್ಚು ಹೇಳಲ್ಲ, ಊಹಿಸಬಹುದು ನೀವು. ಸೈಕಲ್ಲಿಗೆ ಸದ್ದಿಲ್ಲ, ಹಾಗಾಗಿ ಹಕ್ಕಿ ಹಾರಿಹೋಗೋ ಮುಂಚೆ ಕಾಣತ್ತೆ. ಮೊದಲ ಮಳೆಗೆ ಮಣ್ಣಿಂದ ಏಳೋ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಅನ್ನೋ ವಸ್ತುವನ್ನ ನಮ್ಮ ಮೂಗು ಲಕ್ಷ ಕೋಟಿಗೆ ಕೆಲವೇ ಕಣದಷ್ಟಿದ್ರೂ ಹಿಡಿಯತ್ತೆ, ಇಷ್ಟು ಸೂಕ್ಷ್ಮ ಮೂಗು ಇಟ್ಕೊಂಡು ಕಿಟಕಿ ಏರಿಸಿಕೊಂಡು ಓಡಾಡ್ತೀವಿ.

ಇನ್ನು ಜನ. ಈ ಮಾತಿಗೆ ನಾನು ಸ್ವಲ್ಪ ಹಿಂದಿನಿಂದ ಬರ್ತೀನಿ. 1884ರ ಏಪ್ರಿಲ್‌ನಲ್ಲಿ ಥಾಮಸ್ ಸ್ಟೀವನ್ಸ್ ಅನ್ನೋರು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟರು. ಸೈಕಲ್ ಯಾವುದು ಅಂತೀರಿ, ಮುಂದಿನ ಚಕ್ರ ಎದೆ ಎತ್ತರ, ಹಿಂದಿನದು ಪುಟ್ಟದು, ಗೇರ್ ಇಲ್ಲ, ಗಾಳಿ ತುಂಬೋ ಟೈರ್ ಇಲ್ಲ, ಡನ್‌ಲಪ್ ಅದಕ್ಕೆ ಪೇಟೆಂಟ್ ಪಡೆದಿದ್ದೇ 1888ರಲ್ಲಿ. ಸಾಮಾನು ಅಂದ್ರೆ ಕಾಲುಚೀಲ, ಒಂದು ಬದಲಿ ಅಂಗಿ, ಗುಡಾರಾನೂ ಆಗೋ ಒಂದು ರೇನ್‌ಕೋಟ್, ಒಂದು ಪಿಸ್ತೂಲು. ಆ ಆಗಸ್ಟಲ್ಲಿ ಬಾಸ್ಟನ್ ಮುಟ್ಟಿದ್ರು, ಆಮೇಲೆ ಯುರೋಪ್, ಟರ್ಕಿ, ಇರಾನ್. ಅಫ್ಘಾನಿಸ್ತಾನದಲ್ಲಿ ವಾಪಸ್ ಕಳಿಸಿದ್ರು, ಹಡಗು ಹತ್ತಿ ಸುತ್ತಿಕೊಂಡು ಬಂದು ಭಾರತ ದಾಟಿ, ಚೀನಾ ದಾಟಿ 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾ. ಅಮೆರಿಕ ದಾಟೋವಾಗ ದಾರಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ತಳ್ಳಿಕೊಂಡೇ ನಡೆದಿದ್ರು, ರಸ್ತೆ ಅಂತ ಇದ್ರೆ ತಾನೇ. ಆಮೇಲೆ 1923ರಲ್ಲಿ ಬಾಂಬೆಯಿಂದ ಆರು ಜನ ಪಾರ್ಸಿ ಯುವಕರು ಹೊರಟರು, ಅದರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಮೂವರು ಪ್ರಪಂಚ ಸುತ್ತಿ 1928ರಲ್ಲಿ ವಾಪಸ್ ಬಂದ್ರು. 1963ರಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಭಯಂಕರ ಚಳಿಗಾಲದಲ್ಲಿ ಹೊರಟು, ಒಬ್ಬರೇ, ಯುಗೋಸ್ಲಾವಿಯಾ, ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿ ಸೇರಿದ್ರು. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಹಳೇ ಸೈಕಲ್ಲು, ಒಂದು ಅಟ್ಲಾಸ್ ಸಿಕ್ಕಿತ್ತಂತೆ, ಆಗಲೇ ಭಾರತಕ್ಕೆ ಹೋಗ್ತೀನಿ ಅಂತ ನಿಶ್ಚಯ ಮಾಡಿ, ಅಮ್ಮನ ಶುಶ್ರೂಷೆ ಮಾಡ್ತಾ ವರ್ಷಗಟ್ಟಲೆ ಕಾದು, ಅಮ್ಮ ತೀರಿಕೊಂಡ ಮೇಲೆ ಹೊರಟವರು ಅವರು.

ಇವರೆಲ್ಲ ಧೈರ್ಯವಂತರು, ಅದರಲ್ಲಿ ಸಂಶಯ ಇಲ್ಲ. ನನ್ನನ್ನ ಹಿಡಿಯೋದು ಇನ್ನೊಂದು ವಿಷಯ. ಇವರ್ಯಾರೂ ತಮಗೆ ಬೇಕಾದ್ದನ್ನೆಲ್ಲ ಹೊತ್ತುಕೊಂಡು ಹೋಗಲಿಲ್ಲ, ಹೋಗೋಕೆ ಆಗ್ತಾನೂ ಇರಲಿಲ್ಲ. ಸೈಕಲ್ಲಲ್ಲಿ ಬಿಸಿಲಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೇಕಾಗತ್ತೆ, ದಿನದ್ದೆಲ್ಲ ಹೊರಬೇಕು ಅಂದ್ರೆ ಆ ತೂಕಕ್ಕೇ ಸುಸ್ತು. ಹಾಗಾಗಿ ಕೇಳಲೇಬೇಕು. ನೀರು ಎಲ್ಲಿ ಸಿಗತ್ತೆ, ಈ ದಾರಿ ಎಲ್ಲಿಗೆ ಹೋಗತ್ತೆ, ಮುಂದಿನ ಏರು ಎಷ್ಟುದ್ದ, ರಾತ್ರಿ ಎಲ್ಲಿ ಉಳಿಯಬಹುದು. ಕೇಳಿದ ಕೂಡಲೇ ಅವರೂ ಕೇಳ್ತಾರೆ, ಎಲ್ಲಿಂದ, ಎಲ್ಲಿಗೆ, ಯಾಕೆ ಹೀಗೆ. ಸಂಬಂಧ ಶುರುವಾಗೋದೇ ಅಲ್ಲಿ. ಪೆಟ್ರೋಲ್ ತುಂಬಿಸಿಕೊಂಡು ಎಸಿ ಹಾಕ್ಕೊಂಡು ಹೋಗೋರಿಗೆ ದಾರಿಯವರ ಹತ್ರ ಕೇಳೋಕೆ ಏನೂ ಇರಲ್ಲ, ಈಗ ಫೋನಲ್ಲೇ ದಾರಿ ಬಂದಮೇಲೆ ಅದೂ ಇಲ್ಲ. ಮತ್ತೆ ದಾರಿಯವರ ಕಡೆಯಿಂದ ನೋಡಿ. ಗಂಟೆಗೆ 80 ಕಿಲೋಮೀಟರಲ್ಲಿ ಬರೋ ಸಾಧಾರಣ ಕಾರಲ್ಲಿ ಇರೋ ಹೊಡೆತದ ಶಕ್ತಿ 18 ಕಿಲೋಮೀಟರಲ್ಲಿ ಬರೋ ಸೈಕಲ್ಲಿನ ಇನ್ನೂರು ಪಟ್ಟಿಗೂ ಜಾಸ್ತಿ. ಮಕ್ಕಳನ್ನ ಒಳಗೆ ಎಳ್ಕೊಳ್ಳಬೇಕಾದ್ದು ಕಾರು ಬಂದಾಗ. ಸೈಕಲ್ಲು ಬಂದ್ರೆ ಮಕ್ಕಳು ಜೊತೆಗೆ ಓಡಿ ಬರ್ತಾರೆ. ಅಪರಿಚಿತರು ಒಬ್ಬರು ಬೆವತು, ಏದುಸಿರು ಬಿಡ್ತಾ, ಕೈಯಲ್ಲಿ ಏನೂ ಇಲ್ಲದೇ, ಗಾಜಿನ ಮರೆ ಇಲ್ಲದೇ ಬಂದು ನಿಂತರೆ ಅವರಿಗೆ ಹೆದರೋಕೆ ಕಾರಣ ಕಮ್ಮಿ, ಸಹಾಯ ಮಾಡೋಕೆ ಕಾರಣ ಜಾಸ್ತಿ. ಒಬ್ಬಂಟಿ ಹೆಣ್ಣುಮಕ್ಕಳಿಗೆ ಈ ಮಾತು ಎಲ್ಲಾ ಕಡೆ, ಎಲ್ಲಾ ಹೊತ್ತಲ್ಲೂ ಅನ್ವಯ ಆಗತ್ತೆ ಅಂತ ನಾನು ಹೇಳಲ್ಲ, ಮರ್ಫಿ ಅವರೂ ದಾರೀಲಿ ಅಪಾಯ ಎದುರಿಸಿದ್ದಾರೆ. ಆದ್ರೂ ಅವರು ಅಷ್ಟು ದೇಶ ದಾಟಿದ್ದು ದಾರಿಯವರ ಮನೆಗಳಲ್ಲಿ ಉಳಿದುಕೊಂಡೇ.

ಸ್ವಲ್ಪ ದಾರಿ ಬಿಟ್ಟು ರಸ್ತೆ ಬಗ್ಗೆ ಮಾತಾಡ್ತೀನಿ, ಮುಖ್ಯವಾದ್ದು. ಒಳ್ಳೇ ರಸ್ತೆ ಬೇಕು ಅಂತ ಮೊದಲು ದೊಡ್ಡ ದನಿ ಎತ್ತಿದವರಲ್ಲಿ ಸೈಕಲ್‌ನವರು ಮುಂದಿದ್ರು, ಎಷ್ಟೋ ಜನಕ್ಕೆ ಗೊತ್ತಿಲ್ಲ. ಬ್ರಿಟನ್ನಿನಲ್ಲಿ 1878ರಲ್ಲೇ ಸೈಕಲ್ ಪ್ರವಾಸಿಗಳ ಸಂಘ ಕಟ್ಟಿಕೊಂಡಿದ್ರು, ಅಮೆರಿಕದಲ್ಲಿ 1880ರಲ್ಲಿ. ರೈಲು ಬಂದಮೇಲೆ ಹಳೇ ರಸ್ತೆಗಳು ಕೆಸರು ಗುಂಡಿ ಆಗಿ ಕೂತಿದ್ವು, ಇವರು ಕರಪತ್ರ ಹಂಚಿ, ಸರ್ಕಾರದ ಬೆನ್ನು ಬಿದ್ದು ರಸ್ತೆ ಚಳವಳಿ ಮಾಡಿದ್ರು, ಮೋಟಾರು ಗಾಡಿ ಆಗಿನ್ನೂ ಬಂದಿರಲಿಲ್ಲ. ಆಮೇಲೆ ಮೋಟಾರು ಬಂತು, ಅದೇ ರಸ್ತೆಗಳಲ್ಲಿ ಸೈಕಲ್‌ನವರು ಅಂಚಿಗೆ ಹೋಗಬೇಕಾಯ್ತು. ನೆದರ್ಲೆಂಡ್ಸ್‌ನಲ್ಲಿ ಇವತ್ತಿರೋ ಸೈಕಲ್ ದಾರಿ ಕೂಡ ಅಲ್ಲಿನ ಜನಕ್ಕೆ ಸುಮ್ಮನೆ ಸಿಕ್ಕಿದ್ದಲ್ಲ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅದರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ಮಕ್ಕಳ ಕೊಲೆ ನಿಲ್ಲಿಸಿ ಅಂತ ಅಪ್ಪ ಅಮ್ಮಂದಿರು ಬೀದಿಗೆ ಇಳಿದ್ರು, ವರ್ಷಗಳ ಕಾಲ ಹೋರಾಡಿದ್ರು, ಅದಾದ ಮೇಲೆ ಬಂದಿದ್ದು ಆ ದಾರಿಗಳು. ನಾನು ಯಾಕೆ ಇದನ್ನ ಇಲ್ಲಿ ಹೇಳ್ತಿದೀನಿ ಅಂದ್ರೆ, ನಿಧಾನದ ಪ್ರಯಾಣ ಎಷ್ಟು ಚೆಂದ ಅಂತ ನಾವು ಎಷ್ಟೇ ಮಾತಾಡಿದ್ರೂ, ಹಿಂದಿನಿಂದ ಲಾರಿ ಬಂದು ಒಂದಡಿ ದೂರದಲ್ಲಿ ಹಾದುಹೋಗೋ ರಸ್ತೇಲಿ ಯಾರಿಗೂ ಹೊಳೆ ಕಾಣಲ್ಲ, ಮಣ್ಣು ಕಾಣಲ್ಲ, ಜೀವ ಒಂದೇ ಕಾಣೋದು. ಹೈವೇ ಪಕ್ಕದ ಬಿಳಿಗೆರೆ ಮೇಲೆ ಪ್ರವಾಸ ಮಾಡಿ ಅಂತ ನಾನು ಯಾರಿಗೂ ಹೇಳಲ್ಲ. ಸ್ಪೇನ್ 2021ರಲ್ಲಿ ಊರೊಳಗೆ ಆ ಕಡೆ ಒಂದು ಈ ಕಡೆ ಒಂದೇ ಲೇನ್ ಇರೋ ಬೀದಿಗಳಿಗೆಲ್ಲ ಗಂಟೆಗೆ 30 ಕಿಲೋಮೀಟರಿನ ಮಿತಿ ಹಾಕ್ತು, ವೇಲ್ಸ್ 2023ರಲ್ಲಿ ಜನವಸತಿ ಇರೋ ರಸ್ತೆಗಳಿಗೆ ಗಂಟೆಗೆ 20 ಮೈಲಿಯನ್ನೇ ಸಾಮಾನ್ಯ ಮಿತಿ ಮಾಡ್ತು. ಇಂಥದ್ದು ಎಲ್ಲಾ ಕಡೆ ಆಗಬೇಕು. ಬೇರೆ ದಾರಿ ಇಲ್ಲ.

ದಾರಿ ಅಂದ್ರೆ ನನಗೆ ತುಂಬಾ ಇಷ್ಟ ಆಗೋದು ಹಳೇ ರೈಲು ಹಳಿ ಕಿತ್ತು ಮಾಡಿದ ದಾರಿಗಳು. ರೈಲಿನ ಕಬ್ಬಿಣದ ಚಕ್ರಕ್ಕೆ ಕಡಿದಾದ ಏರು ಆಗಲ್ಲ, ಹಾಗಾಗಿ ಇಂಜಿನಿಯರುಗಳು ಗುಡ್ಡದ ಮಗ್ಗುಲಲ್ಲಿ ಸುತ್ತಿಸಿ, ಕೊರೆದು, ದಿಬ್ಬ ಏರಿಸಿ ಶೇಕಡಾ ಒಂದೋ ಎರಡೋ ಏರಿಗೆ ತಂದಿರ್ತಾರೆ, ಅದು ಸೈಕಲ್ಲಿಗೂ ಹೇಳಿ ಮಾಡಿಸಿದ ಹಾಗಿರತ್ತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್‌ರಾಯ್‌ನಿಂದ ಸ್ಪಾರ್ಟಾವರೆಗೆ ಮೂರು ಸುರಂಗ ಇರೋ ದಾರಿ 1960ರ ದಶಕದಲ್ಲೇ ಆಯ್ತು. ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ 240 ಕಿಲೋಮೀಟರಿನ ಗ್ರೇಟ್ ಅಲೆಗೇನಿ ಪ್ಯಾಸೇಜ್ 2013ರಲ್ಲಿ ಪೂರ್ತಿಯಾಯ್ತು, ಅದು 729 ಮೀಟರ್ ಎತ್ತರದಲ್ಲಿ ಒಂದು ಜಲವಿಭಜಕ ದಾಟತ್ತೆ. ಆ ಗೆರೆಯ ಒಂದು ಕಡೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಬಿದ್ದದ್ದು ಒಹಾಯೊ, ಮಿಸಿಸಿಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ. ಕಡಿದಾದ ಏರಿಗೆ ಹೆದರೋರು ಕೂಡ ಒಂದು ಖಂಡದ ನೀರು ಎಲ್ಲಿ ಎರಡಾಗತ್ತೆ ಅಂತ ತಮ್ಮ ಕಾಲಲ್ಲೇ ಹತ್ತಿ ನೋಡಬಹುದಾದ ದಾರಿ ಅದು. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಗಣಿ ಇಂಜಿನಿಯರ್ ಒಬ್ಬರು ಇನ್ನೊಂದು ಒಳ್ಳೇ ಕೆಲಸ ಮಾಡಿದ್ರು, 1990ರ ದಶಕದಲ್ಲಿ, ಸಣ್ಣ ದಾರಿಗಳು ಕೂಡೋ ಜಾಗಕ್ಕೆಲ್ಲ ನಂಬರ್ ಕೊಟ್ಟು ಒಂದು ಜಾಲ ಮಾಡಿದ್ರು. ಐದಾರು ನಂಬರ್ ಒಂದು ಚೀಟೀಲಿ ಬರ್ಕೊಂಡು ಹ್ಯಾಂಡಲ್ಲಿಗೆ ಸಿಕ್ಕಿಸಿದ್ರೆ ದಿನದ ದಾರಿ ಸಿದ್ಧ, ಫೋನ್ ನೋಡೋ ಕೆಲಸ ಇಲ್ಲ, ಕಣ್ಣು ಸುತ್ತಮುತ್ತಲೇ ಇರತ್ತೆ. ಈಗ ನೆದರ್ಲೆಂಡ್ಸ್ ತುಂಬಾ ಅದೇ ಪದ್ಧತಿ ಇದೆ.

ಫೋನ್ ಅಂದಾಗ ಹೇಳಬೇಕು. ಸೈಕಲ್ ಹತ್ತಿದ ಮಾತ್ರಕ್ಕೆ ಯಾರೂ ನೆಲಕ್ಕೆ ಹತ್ರ ಆಗಲ್ಲ. ಹ್ಯಾಂಡಲ್ ಮೇಲಿನ ಸಣ್ಣ ಕಂಪ್ಯೂಟರಲ್ಲಿ ಸರಾಸರಿ ವೇಗ, ಹೃದಯಬಡಿತ, ವ್ಯಾಟ್, ನಿನ್ನೆಗಿಂತ ಎಷ್ಟು ಬೇಗ, ಬೇರೆಯವರಿಗಿಂತ ಎಷ್ಟು ಬೇಗ, ಇಷ್ಟೇ ನೋಡ್ತಾ ನೂರು ಕಿಲೋಮೀಟರ್ ಹೋಗಿಬರೋರು ಇದಾರೆ. ವ್ಯಾಯಾಮಕ್ಕೆ, ಸ್ಪರ್ಧೆಗೆ ಅದು ಸರಿ, ಅದಕ್ಕೂ ಅದರದೇ ಆನಂದ ಇದೆ, ಆದ್ರೆ ಹೀಗೆ ಹೋದವರಿಗೂ ನಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರಲ್ಲ. ಪ್ರಯಾಣಕ್ಕೆ ಹೊರಟಾಗ ಆ ಪರದೆ ಬಿಚ್ಚಿ ಬ್ಯಾಗಿಗೆ ಹಾಕಿ, ದೂರ ಎಷ್ಟಾಯ್ತು ಅಂತ ರಾತ್ರಿ ನೋಡಿದ್ರಾಯ್ತು.

ಹೊರಡಬೇಕು ಅನಿಸಿದವರಿಗೆ ನನ್ನ ಸಲಹೆ ಇದು. ಮೊದಲ ಪ್ರಯಾಣಕ್ಕೆ ಒಂದು ಹೊಳೆ ಆರಿಸಿಕೊಳ್ಳಿ, ಊರಿನ ಹೆಸರು ಬೇಡ. ದಂಡೆಗೆ ಹತ್ರ ಇರೋ ಸಣ್ಣ ರಸ್ತೆಗಳಲ್ಲಿ ಕೆಳಗಿಂದ ಮೇಲಕ್ಕೆ, ನೀರಿಗೆ ಎದುರಾಗಿ ಹೋಗಿ. ಮೇಲಕ್ಕೆ ಹೋದ ಹಾಗೆ ಹೊಳೆ ಸಣ್ಣದಾಗ್ತಾ, ಕಲ್ಲು ದೊಡ್ಡದಾಗ್ತಾ, ಕಣಿವೆ ಇಕ್ಕಟ್ಟಾಗ್ತಾ ಹೋಗತ್ತೆ, ಎಡಬಲದಿಂದ ಯಾವ ತೊರೆ ಎಲ್ಲಿ ಸೇರಿ ಈ ಹೊಳೆ ಇಷ್ಟು ದೊಡ್ಡದಾಯ್ತು ಅಂತ ಒಂದೊಂದಾಗಿ ಗೊತ್ತಾಗತ್ತೆ. ಎರಡನೇ ದಿನ ನೆತ್ತಿ ದಾಟಿ ಪಕ್ಕದ ಹೊಳೆಯ ಜೊತೆ ಇಳಿದು ಬನ್ನಿ. ಎತ್ತರದ ಗೆರೆಗಳಿರೋ ಭೂಪಟ ಒಂದು ಜೊತೆಗಿರಲಿ, ಗೆರೆ ಒತ್ತಾಗಿರೋ ಕಡೆ ಕಾಲಿಗೆ ಏನಾಯ್ತು ಅಂತ ಸಂಜೆ ಕೂತು ಹೋಲಿಸಿ ನೋಡಿ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿಗಿಂತ ಜಾಸ್ತಿ ಇಟ್ಕೋಬೇಡಿ, ಜಾಸ್ತಿ ಇಟ್ಕೊಂಡ್ರೆ ಎಲ್ಲೂ ನಿಲ್ಲಲ್ಲ. ಸಾಮಾನು ಬೆನ್ನ ಮೇಲೆ ಬೇಡ, ಹಿಂದಿನ ಕ್ಯಾರಿಯರಿನ ಎರಡೂ ಪಕ್ಕಕ್ಕೆ ತಗ್ಗಾಗಿ ಕಟ್ಟಿ, ತೂಕ ಕೆಳಗಿದ್ರೆ ಸೈಕಲ್ ಅಲುಗಾಡಲ್ಲ. ಅಗಲ ಟೈರು ಒಳ್ಳೇದು, ಪಂಚರ್ ಕಿಟ್ಟು, ಪಂಪು, ಒಂದು ಬದಲಿ ಟ್ಯೂಬು ಇರಲೇಬೇಕು, ಪಂಚರ್ ಹಾಕೋದನ್ನ ಮನೇಲೇ ಒಂದು ಸಲ ಮಾಡಿ ಕಲ್ತಿರಿ. ಕತ್ತಲಾಗೋ ಮುಂಚೆ ಉಳಿಯೋ ಜಾಗ ಸೇರಿಕೊಳ್ಳಿ. ದುಬಾರಿ ಸೈಕಲ್ ಬೇಕಾಗಿಲ್ಲ, ಏರಿಗೆ ಹಗುರವಾದ ಗೇರು ಒಂದಿದ್ರೆ, ಬ್ರೇಕ್ ಎರಡೂ ಸರಿಯಾಗಿ ಹಿಡಿದ್ರೆ ಸಾಕು.

ಕೊನೇಲಿ ಬ್ಯಾಟರಿ ಸೈಕಲ್ ಬಗ್ಗೆ ನೀವು ಕೇಳಬಹುದು, ಅದರಲ್ಲಿ ಹೋದ್ರೆ ಇದೆಲ್ಲ ಸಿಗತ್ತಾ ಅಂತ. ಸಿಗತ್ತೆ ಅಂತ್ಲೇ ನಾನು ಹೇಳೋದು. ಯುರೋಪಿನ ನಿಯಮದಲ್ಲಿ ಮೋಟರ್ 250 ವ್ಯಾಟ್ ಮೀರೋಹಾಗಿಲ್ಲ, ವೇಗ 25 ಕಿಲೋಮೀಟರ್ ಮುಟ್ಟಿದ ಕೂಡಲೇ ನಿಲ್ಲಬೇಕು, ಮತ್ತೆ ನೀವು ತುಳಿದ್ರೆ ಮಾತ್ರ ಅದು ಸಹಾಯ ಮಾಡಬೇಕು. ಅಂದ್ರೆ ವೇಗ ನಾನು ಹೇಳಿದ ಅಳತೆಯ ಹತ್ರಾನೇ ಉಳೀತು, ಗಾಜಿಲ್ಲ, ಸದ್ದಿಲ್ಲ, ಎಲ್ಲಿ ಬೇಕಾದ್ರೂ ನಿಲ್ಲಬಹುದು. ಕಮ್ಮಿ ಆಗೋದು ಏರಿನ ಅರಿವು ಒಂದೇ. ಮೊಣಕಾಲು ನೋವಿರೋರು, ವಯಸ್ಸಾದವರು, ಕಾಯಿಲೆಯಿಂದ ಎದ್ದವರು, ಜೊತೆಗಾರರಷ್ಟು ಬಲ ಇಲ್ಲದವರು ಧಾರಾಳವಾಗಿ ಅದರಲ್ಲೇ ಹೋಗಿ, ಅದಿಲ್ಲದಿದ್ರೆ ಅವರು ಹೊರಡ್ತಾನೇ ಇರಲಿಲ್ಲ. ಆಗೋದಾದ್ರೆ ಪ್ರತೀ ಏರಿನ ಮೊದಲ ನೂರು ಮೀಟರ್ ಮೋಟರ್ ಆಫ್ ಇಟ್ಕೊಂಡು ತುಳಿಯಿರಿ, ಎಷ್ಟು ಕಡಿದಾಗಿದೆ ಅಂತ ಕಾಲಿಗೆ ಗೊತ್ತಾದ ಮೇಲೆ ಆನ್ ಮಾಡ್ಕೊಳ್ಳಿ.